ಎಂಜಿನ್ ಕಟ್ಟಿದ ಮೇಲೆ ನೀರು ಇಳಿಯುತ್ತಿದ್ದರೆ ಹೆಡ್ ಎತ್ತುವ ಮುಂಚೆ

ಲಾರಿ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ರೇಡಿಯೇಟರ್ ನೀರು ಇಳಿಯತೊಡಗಿದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಎತ್ತಿ ಅಂತ. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹಾಳೆ ಹೆಡ್ ಗ್ಯಾಸ್ಕೆಟ್. ನಾನು ದಾವಣಗೆರೆ ಕಡೆ ಲಾರಿ ಎಂಜಿನ್ ಕೆಲಸ ಮಾಡುವವನು. ನನ್ನ ಲೆಕ್ಕದಲ್ಲಿ ಹೆಡ್ ಎತ್ತುವುದು ಕೊಟ್ಟ ಕೊನೆಯ ಕೆಲಸ. ನೀರು ಎಲ್ಲಿಂದ ಹೋಗುತ್ತಿದೆ ಅಂತ ಕಣ್ಣಾರೆ ನೋಡುವ ತನಕ ಹೆಡ್ಡಿನ ಒಂದು ಬೋಲ್ಟೂ ಸಡಿಲಿಸಬಾರದು. ಇದು ಹಟಕ್ಕೆ ಹೇಳುವ ಮಾತಲ್ಲ. ಯಾಕೆ ಅಂತ ಹೇಳುವುದಕ್ಕೆ ಒಂದು ಗಾಡಿಯ ಕೆಲಸವನ್ನೇ ಬರೆಯುತ್ತೇನೆ.

ಗಾಡಿ ಟಿಲ್ಟ್ ಕ್ಯಾಬಿನ್ನಿನದು, ಅಂದರೆ ಕ್ಯಾಬಿನ್ ಮುಂದಕ್ಕೆ ಎತ್ತಿ ಎಂಜಿನ್ ನೋಡುವಂಥದ್ದು. ಎಂಜಿನ್ ಕಮ್ಮಿನ್ಸ್ ಬಿ ಸರಣಿಯ 5.9 ಲೀಟರ್, ಆರು ಸಿಲಿಂಡರ್, ಹನ್ನೆರಡು ವಾಲ್ವಿನದು. ನಮ್ಮ ಕಡೆ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಫೀಡಿಗೆ ಹೋಗುವ ಲಾರಿ ಅದು. ಬೆಂಗಳೂರು, ಹೊಸೂರು, ಧರ್ಮಪುರಿ, ತೊಪ್ಪೂರು ಘಾಟಿ ಇಳಿದು ಸೇಲಂ ಮೇಲೆ ಹೋಗುವ ರೂಟು. ಹೊಗೆ ಜಾಸ್ತಿಯಾಗಿತ್ತು, ಆಯಿಲ್ ಕುಡಿಯುತ್ತಿತ್ತು, ಬೋರಿಗೆ ಬಂದಿತ್ತು, ಅಂದರೆ ಪಿಸ್ಟನ್ ಆಡುವ ತೂತು ಸವೆದು ಹಿರಿದು ಮಾಡುವ ಹಂತಕ್ಕೆ ಬಂದಿತ್ತು. ಈ ಎಂಜಿನ್ನಿಗೆ ಲೈನರ್, ಅಂದರೆ ಆ ತೂತಿಗೆ ಹಾಕುವ ಬೇರೆ ಕೊಳವೆ, ಇಲ್ಲ. ಬ್ಲಾಕಿನಲ್ಲೇ 102 ಮಿ.ಮೀ. ಬೋರು. ಅದನ್ನೇ ಹಿರಿದು ಮಾಡಿ 0.5 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದೆವು. ಬ್ಲಾಕನ್ನು ಕಾಸ್ಟಿಕ್ ತೊಟ್ಟಿಯಲ್ಲಿ ಕುದಿಸಿ ತೊಳೆಸಿ ಕಪ್ ಪ್ಲಗ್ ಎಲ್ಲ ಹೊಸದು ಹಾಕಿದೆ. ಕಪ್ ಪ್ಲಗ್ ಅಂದರೆ ಬ್ಲಾಕು, ಹೆಡ್ಡುಗಳ ನೀರಿನ ತೂತು ಮುಚ್ಚಲು ಹೊಡೆದು ಕೂರಿಸುವ ಬಟ್ಟಲಿನಂಥ ಲೋಹದ ಮುಚ್ಚಳ. ಹೆಡ್ ಕೆಲಸ ಹೊರಗಡೆ ಆಗಿತ್ತು. ವಾಲ್ವ್ ಸೀಟ್ ಕತ್ತರಿಸಿ, ಅಡಿಯ ಮುಖ ಸಮ ಮಾಡಿಸಿ, ಪ್ಲಗ್ ಹಾಕಿ, ಬಣ್ಣ ಬಳಿದು ಅವರೇ ಕೊಟ್ಟಿದ್ದರು.

ಎಂಜಿನ್ ಚೆನ್ನಾಗಿ ಎದ್ದಿತು. ಆಯಿಲ್ ಪ್ರೆಷರ್ ಸರಿ, ಶಬ್ದ ಸರಿ. ಆದರೆ ಡ್ರೈವರ್ ಮೊದಲ ಟ್ರಿಪ್ ಮುಗಿಸಿ ಬಂದವನೇ, "ಮೇಸ್ತ್ರಿ, ನೀರು ಕುಡೀತೈತೆ ಗಾಡಿ. ಬೆಳಿಗ್ಗೆ ನೋಡಿದ್ರೆ ಒಂದು ಚೊಂಬು ಕಮ್ಮಿ ಇರ್ತೈತೆ" ಅಂದ.

ಇಲ್ಲಿ ಒಂದು ವಿಷಯ ಹೇಳಬೇಕು. ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ನೀರು ಇಳಿಯುವುದು ಲೀಕ್ ಅಲ್ಲ. ತುಂಬಿಸುವಾಗ ಹೆಡ್ ಒಳಗೆ, ಥರ್ಮೋಸ್ಟ್ಯಾಟ್ ಹಿಂದೆ ಗಾಳಿ ಸಿಕ್ಕಿಕೊಂಡಿರುತ್ತದೆ. ಥರ್ಮೋಸ್ಟ್ಯಾಟ್ ಅಂದರೆ ನೀರು ಬಿಸಿಯಾದ ಮೇಲೆ ರೇಡಿಯೇಟರ್ ಕಡೆ ದಾರಿ ಬಿಡುವ ಕವಾಟ. ಈ ಎಂಜಿನ್ನಿನ ಥರ್ಮೋಸ್ಟ್ಯಾಟ್ 83 ಡಿಗ್ರಿಗೆ ತೆರೆಯಲು ಶುರು, ಪೂರ್ತಿ ತೆರೆಯುವುದು 95ರ ಹತ್ತಿರ. ಅದು ತೆರೆದ ಮೇಲೆ ಗಾಳಿ ಹೊರಬಂದು ಆ ಜಾಗಕ್ಕೆ ನೀರು ಹೋಗುತ್ತದೆ. ಒಂದೆರಡು ಸಲ ತುಂಬಿಸಿದರೆ ನಿಂತುಬಿಡಬೇಕು. ನಿಲ್ಲದೆ ದಿನಾ ಇಳಿಯುತ್ತಿದ್ದರೆ ಮಾತ್ರ ಹುಡುಕಬೇಕು. ಈ ಗಾಡಿಯಲ್ಲಿ ನಿಲ್ಲಲಿಲ್ಲ.

ಓನರ್‌ಗೆ ಗಾಬರಿ. ಅವರದು ತಪ್ಪಲ್ಲ. ಎಂಜಿನ್ ಕೆಲಸಕ್ಕೆ ಅಂತ ಸಾಲ ಮಾಡಿದವರು. ಗ್ಯಾರೇಜಿಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರು ಹೆಡ್ ಎತ್ತಿ ಅಂದರು. ಇನ್ನೊಬ್ಬರು ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿ, ತಾನೇ ಮುಚ್ಚಿಕೊಳ್ಳುತ್ತದೆ ಅಂದರು. ಅರಿಶಿನ ಸಣ್ಣ ತೂತನ್ನು ಮುಚ್ಚುವುದು ನಿಜ. ನಡುದಾರಿಯಲ್ಲಿ ರೇಡಿಯೇಟರ್ ಒಡೆದು, ಊರು ಮುಟ್ಟಲು ಬೇರೆ ದಾರಿ ಇಲ್ಲದಾಗ ಡ್ರೈವರ್‌ಗಳು ಹಾಕುತ್ತಾರೆ. ಆದರೆ ಅದಕ್ಕೆ ಯಾವ ತೂತು ಮುಚ್ಚಬೇಕು, ಯಾವುದು ಬಿಡಬೇಕು ಅಂತ ಗೊತ್ತಿಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಆಯಿಲನ್ನು ನೀರಿನಿಂದ ತಣಿಸುವ ಆಯಿಲ್ ಕೂಲರ್ ಸಂದಿಯಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ. ಈಗ ತಾನೇ ತೊಳೆದು ಕಟ್ಟಿದ ಎಂಜಿನ್ನಿಗೆ ಅದನ್ನು ಹಾಕಲು ನಾನು ಒಪ್ಪಲಿಲ್ಲ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಗೂ ಇದೇ ಮಾತು.

ನೀರು ಹೋಗುವ ದಾರಿ ಎರಡೇ. ಒಂದು ಒಳಗೆ, ಇನ್ನೊಂದು ಹೊರಗೆ. ಒಳಗೆ ಹೋಗುತ್ತಿದ್ದರೆ ಭಯ ಜಾಸ್ತಿ, ಅದಕ್ಕೇ ಅದನ್ನು ಮೊದಲು ನೋಡಿದೆ. ರಾತ್ರಿಯೆಲ್ಲ ನಿಂತ ಗಾಡಿಯ ಕೆಳಗೆ ಮಲಗಿ, ಆಯಿಲ್ ಚೇಂಬರಿನ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿದೆ. ಬಿಚ್ಚಲಿಲ್ಲ, ಬರೀ ಸಡಿಲ. ನೀರು ಆಯಿಲ್‌ಗಿಂತ ಭಾರ. ಚೇಂಬರಿಗೆ ನೀರು ಬಂದಿದ್ದರೆ ರಾತ್ರಿ ತಳಕ್ಕೆ ಇಳಿದು, ಮೊದಲ ಹನಿಯಾಗಿ ಅದೇ ಬರಬೇಕು. ಬಂದದ್ದು ಅಪ್ಪಟ ಆಯಿಲ್. ಮತ್ತೆ ಬಿಗಿ ಮಾಡಿದೆ. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲೂ ಹಾಲಿನಂಥ ಬಿಳಿ ಇರಲಿಲ್ಲ.

ಆಮೇಲೆ ತಣ್ಣಗಿದ್ದಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿಸಿದೆ. ಹೆಡ್ ಗ್ಯಾಸ್ಕೆಟ್ ಬಿಟ್ಟಿದ್ದರೆ ಸಿಲಿಂಡರ್ ಗಾಳಿ ನೀರಿಗೆ ನುಗ್ಗಿ ಗುಳ್ಳೆ ಬರುತ್ತಲೇ ಇರುತ್ತದೆ. ನೀರು ಇನ್ನೂ ಬೆಚ್ಚಗೂ ಆಗಿರುವುದಿಲ್ಲ, ಅಷ್ಟರಲ್ಲೇ ಮೇಲಿನ ಹೋಸ್ ಕಲ್ಲಾಗಿರುತ್ತದೆ. ಇಲ್ಲಿ ಹೋಸ್ ಕೈಗೆ ಮೆತ್ತಗೇ ಇತ್ತು. ಶುರುವಿನಲ್ಲಿ ನಾಲ್ಕೈದು ಗುಳ್ಳೆ ಬಂದು ನಿಂತವು. ರೇಡಿಯೇಟರ್ ನೀರಿನ ಮೇಲೆ ಆಯಿಲ್ ಕೆನೆಯೂ ಇರಲಿಲ್ಲ. ಆ ಕೆನೆ ನೋಡುವುದು ಆಯಿಲ್ ಕೂಲರ್ ಸಲುವಾಗಿ. ಈ ಎಂಜಿನ್ನಿನಲ್ಲಿ ಕೂಲರ್ ಬ್ಲಾಕಿನ ಪಕ್ಕದಲ್ಲೇ ನೀರಿನೊಳಗೆ ಕೂತಿರುತ್ತದೆ. ಅದು ಒಡೆದರೆ ಎಂಜಿನ್ ಓಡುವಾಗ ಆಯಿಲ್ ನೀರಿಗೆ ಬರುತ್ತದೆ, ಯಾಕೆಂದರೆ ಆಯಿಲ್ ಒತ್ತಡ ಜಾಸ್ತಿ. ಎಂಜಿನ್ ನಿಂತ ಮೇಲೆ ಆಯಿಲ್ ಒತ್ತಡ ಇಳಿದು, ಬಿಸಿ ನೀರಿನ ಒತ್ತಡ ಮಾತ್ರ ಉಳಿದು, ನೀರು ಆಯಿಲ್ ಕಡೆ ಹೋಗುತ್ತದೆ. ಎರಡೂ ಕಾಣಲಿಲ್ಲ. ಅಲ್ಲಿಗೆ ಹೆಡ್ ಎತ್ತುವ ಮಾತು ನನ್ನ ಮಟ್ಟಿಗೆ ಮುಗಿಯಿತು.

ಹಾಗಾದರೆ ಹೊರಗೆ. ಗಾಡಿ ನಿಂತ ಜಾಗದಲ್ಲಿ ಗೇರ್‌ಬಾಕ್ಸ್ ಮುಂದೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಅಡಿಯಲ್ಲಿ ಸಣ್ಣ ಒದ್ದೆ. ನೋಡಿದವರೆಲ್ಲ ಹಿಂದಿನ ಆಯಿಲ್ ಸೀಲ್ ಅಂದರು. ಬಿಳಿ ಬಟ್ಟೆ ಒತ್ತಿ ನೋಡಿದೆ. ಆಯಿಲ್ ಕಪ್ಪು ಜೊತೆಗೆ ಅಂಚಿನಲ್ಲಿ ತಿಳಿ ಹಸಿರು. ಕೂಲೆಂಟ್! ರೇಡಿಯೇಟರ್ ನೀರಿಗೆ ಕಲಸುವ ಬಣ್ಣದ ದ್ರವ ಅದು. ಬರೀ ನೀರು ಹಾಕಿ ಓಡಿಸುವವರಿಗೆ ಈ ಅನುಕೂಲ ಇರುವುದಿಲ್ಲ. ಬಣ್ಣ ಇದ್ದರೆ ಲೀಕ್ ತಾನೇ ಗುರುತು ಹೇಳುತ್ತದೆ.

ಆದರೆ ಹನಿ ಬಿದ್ದ ಜಾಗವೇ ಸೋರುವ ಜಾಗ ಅಲ್ಲ. ಮಳೆಗಾಲದಲ್ಲಿ ಹೆಂಚಿನ ಮನೆ ಸೋರಿದಂತೆ, ಒಡೆದ ಹೆಂಚು ಒಂದು ಕಡೆ, ಹನಿ ಬೀಳುವುದು ತೊಲೆಯ ಆ ತುದಿಗೆ. ಎಂಜಿನ್ನಿನಲ್ಲೂ ನೀರು ಬ್ಲಾಕಿನ ಅಂಚು ಹಿಡಿದು, ಹೌಸಿಂಗ್ ಸುತ್ತ ಇಳಿದು ಕೆಳಗೆ ಬರುತ್ತದೆ. ಇನ್ನೊಂದು ತೊಡಕು, ಎಂಜಿನ್ ಓಡುವಾಗ ಎಷ್ಟು ನೋಡಿದರೂ ಎಲ್ಲೂ ಒದ್ದೆ ಇಲ್ಲ. ಬಿಸಿಗೆ ಕಬ್ಬಿಣ ಹಿಗ್ಗಿ ಕೂದಲೆಳೆಯ ಸಂದು ಮುಚ್ಚಿಕೊಳ್ಳುತ್ತದೆ. ಹೊರಬಂದ ಹನಿಯೂ ಅಲ್ಲೇ ಆವಿಯಾಗಿಬಿಡುತ್ತದೆ. ತಣ್ಣಗಾದಾಗ ಸಂದು ತೆರೆಯುತ್ತದೆ, ಆದರೆ ಆಗ ಒಳಗೆ ಒತ್ತಡ ಇರುವುದಿಲ್ಲ, ನಿಧಾನಕ್ಕೆ ಜಿನುಗುತ್ತದೆ. ಅದಕ್ಕೇ ಡ್ರೈವರ್‌ಗೆ ಬೆಳಿಗ್ಗೆ ಮಾತ್ರ ಕಾಣುತ್ತಿತ್ತು.

ಇದಕ್ಕೆ ಮದ್ದು ಪ್ರೆಷರ್ ಟೆಸ್ಟ್. ರೇಡಿಯೇಟರ್ ಕ್ಯಾಪ್ ಜಾಗದಲ್ಲಿ ಕೂರುವ ಕೈ ಪಂಪು, ಮೇಲೆ ಒಂದು ಮೀಟರು. ತಣ್ಣಗಿರುವ ಎಂಜಿನ್ನಿಗೆ ಬಿಸಿಯಲ್ಲಿ ಇರುವಷ್ಟೇ ಒತ್ತಡ ಕೊಡಬಹುದು. ಈ ಗಾಡಿಯ ಕ್ಯಾಪ್ ಹಿಡಿಯುವ ಒತ್ತಡ 15 ಪಿಎಸ್‌ಐ, ಅಷ್ಟಕ್ಕೇ ಪಂಪ್ ಮಾಡಿದೆ. ಕ್ಯಾಪ್ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಕೊಡಬಾರದು. ಕೆಲವರು ಟೈರ್ ಗಾಳಿ ಪೈಪನ್ನೇ ನೇರ ಹಿಡಿಯುತ್ತಾರೆ. ಅದರ ಒತ್ತಡಕ್ಕೆ ರೇಡಿಯೇಟರ್ ಟ್ಯಾಂಕ್ ಬಾಯಿ ಬಿಡುತ್ತದೆ, ಹೋಸ್ ಕಿತ್ತು ಮುಖಕ್ಕೆ ಬಡಿಯುತ್ತದೆ. ದಯವಿಟ್ಟು ಮಾಡಬೇಡಿ.

ಪಂಪ್ ಮಾಡಿ ಟೀ ಕುಡಿದು ಬರುವಷ್ಟರಲ್ಲಿ ಮುಳ್ಳು ಇಳಿದಿತ್ತು. ಮತ್ತೆ ಏರಿಸಿ ಮುಂದಿನಿಂದ ನೋಡುತ್ತಾ ಬಂದೆ. ವಾಟರ್ ಪಂಪ್ ಅಡಿಯ ಸಣ್ಣ ತೂತು ಒಣಗಿತ್ತು. ಪಂಪಿನ ಸೀಲ್ ಹೋದರೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಆ ತೂತನ್ನು ಯಾವತ್ತೂ ಪೇಸ್ಟ್ ಹಾಕಿ ಮುಚ್ಚಬೇಡಿ. ಪಂಪ್ ಬ್ಲಾಕಿಗೆ ಕೂರುವ ರಬ್ಬರ್ ರಿಂಗಿನ ಸುತ್ತ ಒಣಗಿತ್ತು. ಹೋಸ್ ಕ್ಲಿಪ್ಪು, ಥರ್ಮೋಸ್ಟ್ಯಾಟ್ ಹೌಸಿಂಗ್, ಕೂಲರ್ ಕವರ್, ಬ್ಲಾಕ್ ಪಕ್ಕದ ಪ್ಲಗ್ಗುಗಳು, ಎಲ್ಲ ಒಣ. ಹೆಡ್ ಗ್ಯಾಸ್ಕೆಟ್ ಅಂಚಿನುದ್ದಕ್ಕೂ ಬೆರಳು ಎಳೆದೆ, ಒಣ.

ಉಳಿದದ್ದು ಹೆಡ್ಡಿನ ಹಿಂಭಾಗ. ಕ್ಯಾಬಿನ್ ಎತ್ತಿದರೂ ಅಲ್ಲಿ ನೇರ ನೋಟ ಸಿಗುವುದಿಲ್ಲ, ಎಂಜಿನ್ ಎತ್ತುವ ಬ್ರಾಕೆಟ್ ಅಡ್ಡ ಇದೆ. ಬೈಕ್ ಕನ್ನಡಿಯೊಂದನ್ನು ಕಡ್ಡಿಗೆ ಕಟ್ಟಿ ಇಳಿಸಿ, ಮೊಬೈಲ್ ಟಾರ್ಚ್ ಹಿಡಿದೆ. ಹೆಡ್ಡಿನ ಹಿಂದಿನ ಮುಖವನ್ನು ಒರೆಸಿ, ಚಾಕ್‌ಪೀಸ್ ಪುಡಿ ಬಳಿದೆ. ಹಿಂದಿನ ಕಪ್ ಪ್ಲಗ್ಗಿನ ಕೆಳಗಡೆ, ಗಡಿಯಾರದ ಐದು ಗಂಟೆ ಜಾಗದಲ್ಲಿ ಬಿಳಿ ಪುಡಿ ಒದ್ದೆಯಾಯಿತು. ಮೊದಲು ಸಾಸಿವೆ ಕಾಳಿನಷ್ಟು. ನೋಡುತ್ತಿದ್ದಂತೆ ಹಸಿರು ಗೆರೆಯಾಗಿ ಕೆಳಗಿಳಿದು ಬೆಲ್ ಹೌಸಿಂಗ್ ಮೇಲೆ ಹೋಯಿತು. ಓನರ್‌ಗೂ ಕನ್ನಡಿಯಲ್ಲಿ ತೋರಿಸಿದೆ. ಅವರ ಮುಖ ನೋಡಿ ನನಗೂ ಸಮಾಧಾನವಾಯಿತು.

ಪ್ಲಗ್ ತೆಗೆಯುವುದು ದೊಡ್ಡ ಕೆಲಸ ಅಲ್ಲ, ತಾಳ್ಮೆಯ ಕೆಲಸ. ನೀರನ್ನು ಹೆಡ್ ಮಟ್ಟಕ್ಕಿಂತ ಕೆಳಗೆ ಬರುವಷ್ಟು ಶುದ್ಧ ಕ್ಯಾನಿಗೆ ಇಳಿಸಿದೆ. ಬ್ರಾಕೆಟ್ ಬಿಚ್ಚಿದೆ. ಪ್ಲಗ್ಗಿನ ಒಂದು ಅಂಚಿಗೆ ಪಂಚ್ ಇಟ್ಟು ಮೆಲ್ಲಗೆ ತಟ್ಟಿದರೆ ಅದು ತಿರುಗಿ ಅಡ್ಡ ನಿಲ್ಲುತ್ತದೆ, ಇಕ್ಕಳದಲ್ಲಿ ಎಳೆದುಕೊಳ್ಳಬೇಕು. ಜೋರಾಗಿ ಹೊಡೆದರೆ ಒಳಗೆ ಬೀಳುತ್ತದೆ. ಕೈಗೆ ಬಂದ ಪ್ಲಗ್ ಹೊಸದೇ. ಆದರೆ ಅದು ಕೂರುವ ಸೀಟು ನೋಡಿದೆ. ಕೆಳಭಾಗದಲ್ಲಿ ತುಕ್ಕು ತಿಂದ ಗುಳಿಗಳು, ಅದರ ಮೇಲೆ ಹಳೆಯ ತುಕ್ಕಿನ ಪದರ. ಅದನ್ನು ಕೆರೆಯದೆ, ಏನೂ ಹಚ್ಚದೆ ಹಾಗೇ ಹೊಡೆದಿದ್ದರು, ಮೇಲೆ ಬಣ್ಣ. ಆ ಬಣ್ಣವೇ ಸ್ವಲ್ಪ ದಿನ ನೀರು ತಡೆದಿತ್ತು.

ತುಕ್ಕಿಗೆ ಮೂಲ ಬೇರೆ ಇದೆ. ಎಂಜಿನ್ ಬಿಚ್ಚುವ ಮುಂಚೆ ಈ ಗಾಡಿ ವರ್ಷಗಟ್ಟಲೆ ಬೋರ್‌ವೆಲ್ ನೀರಿನಲ್ಲೇ ಓಡಿತ್ತು. ನಮ್ಮ ಕಡೆ ಪಾತ್ರೆಯಲ್ಲಿ ಬೋರ್ ನೀರು ಕಾಯಿಸಿದರೆ ತಳಕ್ಕೆ ಬಿಳಿ ಹಿಡಿಯುತ್ತದೆ, ಅಲ್ವಾ? ಎಂಜಿನ್ ಒಳಗೂ ಅದೇ. ಆ ಪದರ ಕಬ್ಬಿಣದ ಶಾಖ ನೀರಿಗೆ ಹೋಗದಂತೆ ತಡೆಯುತ್ತದೆ, ಅದರ ಅಡಿಯಲ್ಲಿ ತುಕ್ಕು ತಿನ್ನುತ್ತದೆ.

ಸೀಟನ್ನು ಉಪ್ಪು ಕಾಗದದಲ್ಲಿ ಸುತ್ತಲೂ ಉಜ್ಜಿದೆ, ಲೋಹ ಹೊಳೆಯುವ ತನಕ. ಉದ್ದುದ್ದ ಗೀರು ಬೀಳಬಾರದು, ಗೀರೇ ನೀರಿಗೆ ಕಾಲುವೆ. ಪುಡಿ ಒಳಗೆ ಹೋಗದಂತೆ ಬಟ್ಟೆ ತುರುಕಿದ್ದೆ. ವರ್ನಿಯರ್‌ನಲ್ಲಿ ಅಡ್ಡ, ಉದ್ದ ಎರಡೂ ಕಡೆ ಅಳೆದೆ. ತೂತು ಅಂಡಾಕಾರ ಆಗಿರಲಿಲ್ಲ, ಗುಳಿಯೂ ಮೇಲುಮೇಲಿನದು. ಆಳವಾಗಿದ್ದರೆ ಲೇತಿನಲ್ಲಿ ಹಿರಿದು ಮಾಡಿ ಓವರ್‌ಸೈಜ್ ಪ್ಲಗ್ ಹಾಕಬೇಕಿತ್ತು, ಆಗ ಹೆಡ್ ಎತ್ತಲೇಬೇಕಿತ್ತು. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಗುಳಿ ತುಂಬುವಂತೆ ಗಟ್ಟಿಯಾಗುವ ಸೀಲೆಂಟನ್ನು ತೆಳ್ಳಗೆ ಸವರಿದೆ. ಹಿತ್ತಾಳೆ ಪ್ಲಗ್ ಹಾಕಿದೆ, ಅದು ತುಕ್ಕು ಹಿಡಿಯುವುದಿಲ್ಲ. ಹೊಡೆಯಲು ಪ್ಲಗ್ಗಿನ ಒಳಗೆ ಸರಿಯಾಗಿ ಕೂರುವ ಗುಂಡನೆಯ ಕಬ್ಬಿಣ ಬೇಕು. ನಡುವೆ ಬರೀ ಸುತ್ತಿಗೆ ಬಿದ್ದರೆ ಪ್ಲಗ್ ತಗ್ಗಾಗಿ ಅಂಚು ಒಳಕ್ಕೆ ಸೇದಿಕೊಳ್ಳುತ್ತದೆ, ಹಿಡಿತ ಹೋಗುತ್ತದೆ. ಹೊರ ಅಂಚು ಸೀಟಿನ ಇಳಿಜಾರಿಗಿಂತ ಸ್ವಲ್ಪ ಒಳಗೆ ಹೋದ ಕೂಡಲೇ ನಿಲ್ಲಿಸಿದೆ.

ಓನರ್‌ಗೆ ಅವತ್ತೇ ಲೋಡ್ ಇತ್ತು. ನಾನು ಬಿಡಲಿಲ್ಲ. ಸೀಲೆಂಟ್ ರಾತ್ರಿ ಪೂರ್ತಿ ಒಣಗಲಿ ಅಂದೆ. ಬೆಳಿಗ್ಗೆ ನೀರು ನಿಧಾನಕ್ಕೆ ತುಂಬಿಸಿ, ಮತ್ತೆ 15ಕ್ಕೆ ಏರಿಸಿ ಬಿಟ್ಟೆ. ಮುಳ್ಳು ಅಲುಗಲಿಲ್ಲ. ಆಮೇಲೆ ಬಿಸಿ ಮಾಡಿ, ತಣಿಸಿ, ಇನ್ನೊಮ್ಮೆ ಟೆಸ್ಟ್ ಮಾಡಿದೆ. ಈ ಎರಡನೇ ಟೆಸ್ಟ್ ಬಿಡಬೇಡಿ, ಬಿಸಿಗೆ ಹಿಗ್ಗಿ ಕುಗ್ಗಿದ ಮೇಲೂ ಹಿಡಿದರೆ ಮಾತ್ರ ಅದು ಕೂತಂತೆ.

ಕೆಲಸ ಮಾಡುವಾಗ ಎರಡು ಜಾಗ್ರತೆ. ಬಿಸಿ ಎಂಜಿನ್ನಿನ ಕ್ಯಾಪ್ ಯಾವತ್ತೂ ತೆಗೆಯಬೇಡಿ. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತಿರುಗಿಸಿದ ತಕ್ಷಣ ಎಲ್ಲ ಒಮ್ಮೆಲೇ ಕುದ್ದು ಮೇಲಕ್ಕೆ ಹಾರುತ್ತದೆ. ಇನ್ನೊಂದು, ನೆಲಕ್ಕೆ ಬಿದ್ದ ಕೂಲೆಂಟ್ ತೊಳೆದುಬಿಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿ, ಗ್ಯಾರೇಜ್ ನಾಯಿಗಳು ನೆಕ್ಕುತ್ತವೆ. ಅದು ವಿಷ.

ಡ್ರೈವರ್‌ಗೆ ಒಂದು ಕ್ಯಾನ್ ಕಲಸಿದ ಕೂಲೆಂಟ್ ಕೊಟ್ಟು ಕಳಿಸಿದೆ. ಕಮ್ಮಿಯಾದರೆ ಇದನ್ನೇ ಹಾಕು, ನಲ್ಲಿ ನೀರು ಬೇಡ, ಹಾಕಿದ ಪ್ರತಿ ಸಲ ಎಷ್ಟು ಹಾಕಿದೆ ಅಂತ ಟ್ರಿಪ್ ಪುಸ್ತಕದಲ್ಲಿ ಬರಿ ಅಂದೆ. ನಾಮಕ್ಕಲ್‌ನಿಂದ ತೊಪ್ಪೂರು ಘಾಟಿ ಹತ್ತಿ ವಾಪಸ್ ಬಂದಾಗ ಪುಸ್ತಕದಲ್ಲಿ ಬರೆದದ್ದು ಏನೂ ಇರಲಿಲ್ಲ, ಕ್ಯಾನ್ ಸೀಲ್ ಒಡೆದಿರಲಿಲ್ಲ.

ಈಗ ಹೊರಗಿನಿಂದ ಹೆಡ್ ಬಂದರೆ ನೇರ ಕೂರಿಸುವುದಿಲ್ಲ. ನೀರಿನ ದಾರಿಗಳಿಗೆಲ್ಲ ರಬ್ಬರ್ ಇಟ್ಟು ಪ್ಲೇಟ್ ಬಿಗಿದು, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ರೆಗ್ಯುಲೇಟರ್ ಇಟ್ಟು ಗಾಳಿ ಕೊಡಿಸುತ್ತೇನೆ. ಹೆಡ್ ಬಿರುಕು, ವಾಲ್ವ್ ಸೀಟ್ ಹತ್ತಿರದ ಸೀಳು, ಪ್ಲಗ್ ಸೋರುವುದು, ಎಲ್ಲ ಗುಳ್ಳೆಯಲ್ಲಿ ಅಲ್ಲೇ ಕಾಣುತ್ತದೆ. ಈ ಟೆಸ್ಟ್ ಕೂಲಿಯನ್ನು ಮೊದಲೇ ಎಸ್ಟಿಮೇಟಿನಲ್ಲಿ ಬರೆದು ಓನರ್‌ಗೆ ತೋರಿಸುತ್ತೇನೆ. ಬೇಡ ಅಂದವರು ಇಲ್ಲಿಯ ತನಕ ಯಾರೂ ಸಿಕ್ಕಿಲ್ಲ.