ಆಪರೇಷನ್ ಎದೆಗೆ, ಆರೈಕೆ ಕೈಗೆ

ಸ್ತನ ತೆಗೆಯುವ ಆಪರೇಷನ್ ಅಂದ ಕೂಡಲೇ ಮನೆಯವರ ಗಮನವೆಲ್ಲ ಗಾಯದ ಮೇಲೆ ಹೋಗುತ್ತದೆ. ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ತುಂಬಾ ದಿನ ನೋಡಿಕೊಳ್ಳಬೇಕಾದದ್ದು ಆ ಬದಿಯ ಕೈಯನ್ನು. ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಆರೈಕೆಗೆ ನಿಂತಾಗ ನನಗೂ ಇದು ತಡವಾಗಿಯೇ ತಿಳಿದದ್ದು.

ಕಾರಣ ಸರಳ. ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಕಂಕುಳಿನ ಲಿಂಫ್ ನೋಡ್ ಎಂಬ ಸಣ್ಣ ಗ್ರಂಥಿಗಳನ್ನೂ ತೆಗೆಯುತ್ತಾರೆ. ಕೆಲವರಿಗೆ ಒಂದೆರಡು, ಕೆಲವರಿಗೆ ಹತ್ತಕ್ಕಿಂತ ಜಾಸ್ತಿ. ಕೈಯಲ್ಲಿ ಸೇರುವ ನೀರು ವಾಪಸ್ ಹರಿಯುವುದು ಇವುಗಳ ಮೂಲಕವೇ. ಅವು ಹೋದ ಮೇಲೆ ಕೈ ಊದಿಕೊಳ್ಳಬಹುದು, ಸಣ್ಣ ಗಾಯವೂ ಬೇಗ ಕೀವಾಗಬಹುದು.

ಹೊರಡುವ ಮೊದಲು

ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳು ಒಂದೇ ಚೀಲದಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೆಫರಲ್ ಚೀಟಿ ಬೇಕೇ ಎಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಹೋಗಿ ನಿಂತ ಮೇಲೆ ಚೀಟಿಗಾಗಿ ವಾಪಸ್ ಓಡಿ ಬರುವುದು ಬೇಡ.

ದಿನಾ ನುಂಗುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ. ನಾಟಿ ಔಷಧಿ ಕುಡಿಯುತ್ತಿದ್ದರೆ ಮುಚ್ಚಿಡಬೇಡಿ. ಕವಳಕ್ಕೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಲಿ, ಅದರಿಂದ ಗಾಯ ಮಾಯುವುದು ನಿಧಾನ.

ಬಳೆ, ಉಂಗುರ ಮನೆಯಲ್ಲೇ ತೆಗೆದಿಡಿ. ಚಿಕ್ಕಮ್ಮ ಬಳೆ ತೆಗೆಯುವುದು ಅಶುಭ ಎಂದು ಹಠ ಹಿಡಿದಿದ್ದರು. ಕೊನೆಗೆ ಅತ್ತೆಯೇ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿದರು. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ ಬಿಡಿ.

ಇನ್ನು ಮನೆ. ದಿನಾ ಬೇಕಾಗುವ ಡಬ್ಬಿಗಳನ್ನು ನಾಗಂದಿಗೆಯಿಂದ ಸೊಂಟದ ಎತ್ತರಕ್ಕೆ ಇಳಿಸಿ. ಚಾಪೆಯಿಂದ ಏಳಲು ಎರಡೂ ಕೈ ಊರಬೇಕಾಗುತ್ತದೆ, ಆದ್ದರಿಂದ ಮಲಗಲು ಮಂಚ ಇರಲಿ. ಮುಂದೆ ಗುಂಡಿ ಇರುವ ನೈಟಿ ಪೇಟೆಯಲ್ಲಾದರೆ ಮೂರು ಸಾಕು. ಆಗುಂಬೆ ಕಡೆ ಮಳೆಗಾಲದಲ್ಲಿ ಆರಾದರೂ ಬೇಕು. ಅರೆಬರೆ ಒಣಗಿದ ಬಟ್ಟೆ ಗಾಯಕ್ಕೆ ತಾಗಬಾರದು, ಇಸ್ತ್ರಿ ಹಾಕಿಯೇ ಕೊಡಿ. ವಾಪಸ್ ಬರುವ ಕಾರಿಗೆ ಒಂದು ಪುಟ್ಟ ದಿಂಬು ಇಟ್ಟುಕೊಳ್ಳಿ. ಘಾಟಿಯ ತಿರುವಿನಲ್ಲಿ ಸೀಟ್ ಬೆಲ್ಟ್ ಎದೆಗೆ ಒತ್ತಿದಾಗ ಅದರ ಬೆಲೆ ತಿಳಿಯುತ್ತದೆ.

ಡ್ರೈನ್ ಜೊತೆ ಮನೆಗೆ

ಹೆಚ್ಚಿನವರು ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ಪಕ್ಕೆಯಿಂದ ಒಂದೋ ಎರಡೋ ರಬ್ಬರ್ ಕೊಳವೆ, ಅದರ ತುದಿಗೆ ಅಮುಕಿ ಮುಚ್ಚಿದ ಡಬ್ಬಿ. ಇದೇ ಡ್ರೈನ್. ಒಳಗೆ ಸೇರುವ ನೀರನ್ನು ಎಳೆದು ತೆಗೆಯುತ್ತದೆ. ನೋಡಿದರೆ ಭಯವಾಗುತ್ತದೆ, ಎರಡನೇ ದಿನಕ್ಕೆ ರೂಢಿಯಾಗುತ್ತದೆ.

ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ 8 ಗಂಟೆ ಅಂತಿಟ್ಟುಕೊಳ್ಳಿ, ಖಾಲಿ ಮಾಡಿ. ಸೋಪು ಹಾಕಿ ಕೈ ತೊಳೆಯಿರಿ. ಚರ್ಮದ ಹತ್ತಿರ ಕೊಳವೆಯನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಮೇಲಿಂದ ಕೆಳಕ್ಕೆ ಹಿಂಡುತ್ತಾ ಬನ್ನಿ, ಹಸುವಿನ ಕೆಚ್ಚಲು ಹಿಂಡಿದ ಹಾಗೆಯೇ. ಗಡ್ಡೆಗಟ್ಟಿದ್ದು ಜಾರಿ ಹೋಗುತ್ತದೆ. ಮುಚ್ಚಳ ತೆಗೆದು ಅಳತೆಯ ಲೋಟಕ್ಕೆ ಸುರಿಯಿರಿ. ಆಮೇಲೆ ಡಬ್ಬಿಯನ್ನು ಪೂರ್ತಿ ಅಮುಕಿ, ಅಮುಕಿ ಹಿಡಿದಿರುವಾಗಲೇ ಮುಚ್ಚಳ ಹಾಕಿ. ಗಾಳಿ ಉಳಿದರೆ ಅದು ಎಳೆಯುವುದಿಲ್ಲ. ಎಷ್ಟು ಎಂಎಲ್ ಬಂತು ಎಂದು ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆಯಿರಿ.

ಮೊದಲು ಮುರುಗಲ ಪಾನಕದ ಬಣ್ಣ ಇರುತ್ತದೆ. ಬರಬರುತ್ತಾ ತಿಳಿಯಾಗಿ ಹಳದಿಗೆ ತಿರುಗುತ್ತದೆ. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ತೆಗೆಯುತ್ತಾರೆ. ಒಂದರಿಂದ ಮೂರು ವಾರ ಹಿಡಿಯಬಹುದು. ಅಲ್ಲಿಯವರೆಗೆ ಡಬ್ಬಿ ಜೋತಾಡಬಾರದು. ಚಿಕ್ಕಮ್ಮ ಅದನ್ನು ತಮ್ಮ ಹಳೇ ಕವಳದ ಸಂಚಿಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ನೋಡಲು ಬಂದವರಿಗೆ ಕವಳ ಬಿಟ್ಟಿದ್ದಾರೆಂದು ಹೇಳಿ ಹೇಳಿ ನನಗೆ ಸಾಕಾಯಿತು.

ಕೈಗೆ ಕೆಲಸ, ಆದರೆ ಲೆಕ್ಕದಲ್ಲಿ

ನಾವು ತಪ್ಪಿದ್ದು ಇಲ್ಲಿ. ಪಾಪ, ನೋವು ಎಂದು ಮೊದಲ ವಾರ ಕೈ ಅಲುಗಾಡಿಸಲೂ ಬಿಡಲಿಲ್ಲ. ಭುಜ ಮರಗಟ್ಟಿತು. ಮಾಮೂಲಾಗಿ ಆಪರೇಷನ್ ಮಾರನೇ ದಿನದಿಂದಲೇ ಮುಷ್ಟಿ ಕಟ್ಟಿ ಬಿಡುವುದು, ಮೊಳಕೈ ಮಡಚುವುದು, ತಲೆ ಬಾಚಿಕೊಳ್ಳುವುದು ಶುರುವಾಗಬೇಕು. ಡ್ರೈನ್ ಇರುವವರೆಗೆ ಮೊಳಕೈ ಭುಜದ ಮಟ್ಟಕ್ಕಿಂತ ಮೇಲೆ ಬೇಡ. ಅದು ತೆಗೆದ ಮೇಲೆ ಡಾಕ್ಟರನ್ನು ಕೇಳಿ ಗೋಡೆ ಹತ್ತಿಸಿ: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸುವುದು, ಎಳೆತ ಅನಿಸಿದಲ್ಲಿ ನಿಂತು ಉಸಿರು ಬಿಡುವುದು. ಚಿಕ್ಕಮ್ಮನ ಬೆರಳು ನಾಗಂದಿಗೆ ಮುಟ್ಟಲು ಎರಡು ತಿಂಗಳು ಬೇಕಾಯಿತು. ಕಂಕುಳಿಂದ ಮೊಳಕೈವರೆಗೆ ಹುರಿ ಬಿಗಿದ ಹಾಗೆ ಆದರೆ ಹೆದರಬೇಡಿ, ಫಿಸಿಯೋಥೆರಪಿಯಿಂದ ಸಡಿಲವಾಗುತ್ತದೆ.

ಭಾರದ ಮಾತು ಬೇರೆ. ನಾಲ್ಕರಿಂದ ಆರು ವಾರ ಆ ಕೈಯಲ್ಲಿ ಒಂದು ತಂಬಿಗೆ ನೀರಿಗಿಂತ ಹೆಚ್ಚು ಎತ್ತಬಾರದು. ಬಾವಿಯಿಂದ ಕೊಡ ಸೇದುವುದು, ಹುಲ್ಲಿನ ಹೊರೆ ಹೊರುವುದು ಬೇಡವೇ ಬೇಡ. ಅಡಿಕೆ ಸುಗ್ಗಿಯಲ್ಲಿ ಸುಮ್ನೆ ಕೂರುವುದು ಕಷ್ಟ, ಗೊತ್ತು. ಆದರೂ ಮೆಟ್ಟುಗತ್ತಿಯ ಮುಂದೆ ಕೂರಿಸಬೇಡಿ, ಅಲ್ಲಿ ಬೆರಳು ಕೊಯ್ದುಕೊಳ್ಳುವುದು ಎಷ್ಟು ಹೊತ್ತು?

ಭಾರ ಎತ್ತುವಂತಾದ ಮೇಲೂ ತೋಟಕ್ಕೆ ಇಳಿಯುವಾಗ ಉದ್ದ ತೋಳಿನ ಅಂಗಿ, ಗ್ಲೌಸ್ ಇರಲಿ. ಮುಳ್ಳು ಚುಚ್ಚಿದರೆ, ಉಂಬಳ ಕಚ್ಚಿದರೆ ಸೋಪು ನೀರಲ್ಲಿ ತೊಳೆದು ಔಷಧಿ ಹಚ್ಚಿ. ಇಂಜೆಕ್ಷನ್ನು, ರಕ್ತ ತೆಗೆಯುವುದು, ಬಿಪಿ ನೋಡುವುದು ಸಾಧ್ಯವಾದಷ್ಟೂ ಇನ್ನೊಂದು ಕೈಗೆ. ಕ್ಲಿನಿಕ್ಕಿನಲ್ಲಿ ನೀವೇ ನೆನಪಿಸಬೇಕು. ಕೈ ಭಾರ ಅನಿಸಿದರೆ, ರವಿಕೆಯ ತೋಳು ಬಿಗಿಯಾದರೆ ಕಾಯದೆ ತೋರಿಸಿ.

ಬಚ್ಚಲು, ಊಟ

ಡ್ರೆಸ್ಸಿಂಗ್ ಒದ್ದೆಯಾಗಬಾರದು. ಡಾಕ್ಟರ್ ಹೇಳುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಎಣ್ಣೆ, ಅರಿಶಿನ, ಸೊಪ್ಪಿನ ರಸ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಎದೆ ಮತ್ತು ತೋಳಿನ ಒಳಬದಿ ಜೋಮು ಹಿಡಿದಂತಿರುತ್ತದೆ, ಕೆಲವರಿಗೆ ಹಾಗೆಯೇ ಉಳಿಯುತ್ತದೆ. ಅಲ್ಲಿ ಬಿಸಿ ತಿಳಿಯುವುದಿಲ್ಲ. ಹಂಡೆಯ ಒಲೆ ಮುಂದೆ ಚಳಿ ಕಾಯಿಸುವಾಗ ಸುಟ್ಟರೂ ಗೊತ್ತಾಗದು.

ಪಥ್ಯ ಎಂದು ಬರೀ ಗಂಜಿ ಕೊಡಬೇಡಿ. ಗಾಯ ಕೂಡಲು ಮೊಟ್ಟೆ, ಮೀನು, ಬೇಳೆ, ಕಾಳು, ಮೊಸರು ಬೇಕು. ನೋವಿನ ಮಾತ್ರೆಯಿಂದ ಮಲಬದ್ಧತೆ ಆಗಬಹುದು, ನೀರು ಜಾಸ್ತಿ ಕುಡಿಯಲಿ.

ಜ್ವರ 100.4 ಡಿಗ್ರಿ ದಾಟಿದರೆ, ಗಾಯದ ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಡ್ರೈನಿನಲ್ಲಿ ದಿಢೀರನೆ ಕೆಂಪು ರಕ್ತ ತುಂಬಿದರೆ ತಕ್ಷಣ ಫೋನ್ ಮಾಡಿ. ಉಸಿರು ಕಟ್ಟಿದರೆ, ಒಂದೇ ಕಾಲು ಊದಿದರೆ ನೇರ ಆಸ್ಪತ್ರೆಗೆ ಹೊರಡಿ. ಹಳ್ಳಿಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ರಾತ್ರಿ ಯಾರ ಗಾಡಿ ಕರೆಯುವುದು ಎಂಬುದು ಮೊದಲೇ ತೀರ್ಮಾನವಾಗಿರಲಿ. ಡ್ರೈನ್ ತೆಗೆದ ಮೇಲೆ ಎದೆಯಲ್ಲಿ ನೀರು ತುಂಬಿ ಉಬ್ಬುವುದುಂಟು. ಅದನ್ನು ಸೂಜಿಯಿಂದ ತೆಗೆಯುತ್ತಾರೆ.

ಗಾಯವನ್ನು ಮೊದಲ ಸಲ ಕನ್ನಡಿಯಲ್ಲಿ ನೋಡುವ ದಿನ ಅವರೇ ಆರಿಸಿಕೊಳ್ಳಲಿ. ಹೊರಗೆ ಹೋಗುವಾಗ ಬ್ರಾ ಒಳಗೆ ಇಟ್ಟುಕೊಳ್ಳಲು ಮೊದಮೊದಲು ಮೆತ್ತನೆಯ ಹತ್ತಿಬಟ್ಟೆಯ ದಿಂಬು ಹೊಲಿದುಕೊಡಿ. ಸಿಲಿಕೋನ್‌ದು ಗಾಯ ಪೂರ್ತಿ ಮಾಗಿದ ಮೇಲೆ, ಆರೆಂಟು ವಾರ ಕಳೆದು. ಅಷ್ಟರಲ್ಲಿ ಬಯಾಪ್ಸಿ ರಿಪೋರ್ಟ್ ಬಂದಿರುತ್ತದೆ. ಕೀಮೋ, ರೇಡಿಯೇಷನ್, ಮಾತ್ರೆ ಇವುಗಳಲ್ಲಿ ಯಾವುದು ಬೇಕು ಎಂಬುದು ಅದರ ಮೇಲೆ ನಿಂತಿದೆ. ಅದನ್ನು ಕೇಳಲು ಹೋಗುವಾಗ ಕ್ಯಾಲೆಂಡರಿನ ಹಾಳೆಯನ್ನೂ ಹರಿದು ಚೀಲಕ್ಕೆ ಹಾಕಿಕೊಳ್ಳಿ.