ಬರೆಯಿಂದ ದೂರ, ಕಣದ ನಡುವೆ

ನಮ್ಮ ದೊಡ್ಡಮ್ಮನ ಮನೆ ಕೊಡಗಿನ ಮದೆನಾಡು ಕಡೆ. 2018ರ ಆಗಸ್ಟ್ ಮಳೆಯಲ್ಲಿ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿದು ಅಡುಗೆಮನೆ, ಸೌದೆ ಕೊಟ್ಟಿಗೆ ಎರಡೂ ಮಣ್ಣಿನಡಿ ಹೋದವು. ಆ ರಾತ್ರಿ ಎಲ್ಲರೂ ರಸ್ತೆ ಆಚೆಯ ನೆಂಟರ ಮನೆಯಲ್ಲಿದ್ದರು, ಅದಕ್ಕೇ ಉಳಿದರು. ಮರುವರ್ಷ ಅಲ್ಲೇ ಮನೆ ಕಟ್ಟಿಸಿಕೊಟ್ಟವನು ನಾನು. ಆದರೆ ಆ ಕೆಲಸ ಕಲಿತದ್ದು ನೇಪಾಳದಲ್ಲಿ.

2015ರ ಏಪ್ರಿಲ್ 25ರಂದು ಅಲ್ಲಿ 7.8 ತೀವ್ರತೆಯ ಭೂಕಂಪ ಆಯಿತಲ್ಲ, ಸುಮಾರು 9,000 ಜನ ತೀರಿಕೊಂಡರು. ಮುಂದಿನ ವರ್ಷ ಗೋರ್ಖಾ ಜಿಲ್ಲೆಯ ಹಳ್ಳಿಗಳಲ್ಲಿ ಸೈಟ್ ಎಂಜಿನಿಯರ್ ಕೆಲಸಕ್ಕೆ ಹೋದೆ. ಅಲ್ಲಿ ಸರ್ಕಾರ ಮನೆ ಕಟ್ಟಿ ಬೀಗದ ಕೈ ಕೊಡಲಿಲ್ಲ. 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಲ್ಲಿ ಕೊಟ್ಟಿತು. ಮೊದಲು 50 ಸಾವಿರ. ಪಾಯ ನೋಡಿ ಸರಿ ಅಂದರೆ ಒಂದೂವರೆ ಲಕ್ಷ, ಗೋಡೆ ನೋಡಿ ಉಳಿದ ಒಂದು ಲಕ್ಷ. ಕಟ್ಟಿಸುವುದು ಮನೆಯವರದ್ದೇ ಹೊಣೆ. ಹಾಗಾಗಿ ಪಾಯದಲ್ಲಿ ಏನು ಹೋಗಿದೆ ಅಂತ ಆ ಮನೆಯ ಅಜ್ಜಿಗೂ ಗೊತ್ತಿರುತ್ತಿತ್ತು. ತೊಂದರೆ ಇರಲಿಲ್ಲ ಅಂತಲ್ಲ. ಕಂತು ಸಿಗಲಿ ಅಂತ ಒಂದೇ ಕೋಣೆಯ ಮನೆ ಕಟ್ಟಿ, ಅಡುಗೆಗೆ ಬಿರುಕುಬಿಟ್ಟ ಹಳೇ ಮನೆಗೇ ಹೋಗುವವರನ್ನು ಬೇಕಾದಷ್ಟು ನೋಡಿದೆ. ಒಲೆಗೆ, ದನಕ್ಕೆ, ಜೋಳಕ್ಕೆ ಜಾಗ ಇಲ್ಲದ್ದು ಮನೆ ಹೇಗಾಗುತ್ತೆ?

ಅಲ್ಲಿನ ಹಳೇ ಗೋಡೆ ಅಂದರೆ ಕಲ್ಲು ಮತ್ತು ಮಣ್ಣು. ಒಳಮುಖಕ್ಕೊಂದು ಸಾಲು, ಹೊರಮುಖಕ್ಕೊಂದು ಸಾಲು, ನಡುವೆ ಚಿಕ್ಕ ಕಲ್ಲು ತುಂಬಿಸಿರುತ್ತಾರೆ. ನೆಲ ಅಲ್ಲಾಡಿದಾಗ ಎರಡೂ ಮುಖ ಹಲಸಿನಹಣ್ಣಿನ ಹಾಗೆ ಬಿರಿದು ಬೇರೆಯಾದವು. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಜನರನ್ನು ಕೊಂದದ್ದೂ ಇಂಥದೇ ದಪ್ಪ ಗೋಡೆ. ಮದ್ದು ತೀರಾ ಸರಳ. ಅಲ್ಲಲ್ಲಿ ಆಚೆಯಿಂದ ಈಚೆವರೆಗೆ ತಲುಪುವ ಉದ್ದ ಕಲ್ಲು ಇಡಬೇಕು. ಪಾಯದ ಮೇಲೆ, ಕಿಟಕಿ ಕೆಳಗೆ, ಬಾಗಿಲ ಮೇಲೆ ಮನೆ ಸುತ್ತ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ ಬರಬೇಕು. ಮೂಲೆಯಲ್ಲಿ ಕಂಬಿ ಕಡಿಯದೆ ತಿರುಗಿ ಪಕ್ಕದ ಗೋಡೆಗೆ ಹೋಗಬೇಕು. ನಾವು ಮನೆ 'ಕಟ್ಟು' ಅನ್ನುತ್ತೇವಲ್ಲ, ಆ ಮಾತು ಸುಮ್ನೆ ಬಂದದ್ದಲ್ಲ ಅಂತ ನನಗೆ ಅಲ್ಲಿ ಹೊಳೆಯಿತು. ಹುಲ್ಲಿನ ಹೊರೆ ಕಟ್ಟಿದ ಹಾಗೇ ಇದೂ.

ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು. ಅಲ್ಲಿ ಅಣ್ಣನಿಗೆ ದಾಜು ಅಂತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಸಣ್ಣ ಕಂಬಿಗೆ ರಿಂಗು ಅಂತಾರೆ. ಅದರ ತುದಿಯನ್ನು ಒಳಗೆ ಪೂರ್ತಿ ಮಡಚಬೇಕು, ಎಲ್ ಆಕಾರದ ನೇರ ಮೂಲೆಗೆ ಬಿಡಬಾರದು ಅಂದರೆ ಅವರು ನಗುತ್ತಿದ್ದರು. ಬೆರಳಷ್ಟು ತುದಿಗೆ ಇಷ್ಟು ರಗಳೆ ಯಾಕೆ ಅಂತ. ಒಂದು ದಿನ ಎರಡು ಥರದ ರಿಂಗನ್ನೂ ಹಾರೆಗೆ ಸಿಕ್ಕಿಸಿ, ಇಬ್ಬರು ಹುಡುಗರ ಕೈಲಿ ಎಳೆಸಿದೆ. ನೇರ ಮೂಲೆಯದ್ದು ಸಲೀಸಾಗಿ ಬಾಯಿಬಿಟ್ಟಿತು. ದಾಜು ಮಾತಾಡಲಿಲ್ಲ. ಅವತ್ತು ಕಟ್ಟಿಟ್ಟಿದ್ದ ರಿಂಗುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಲು ಕೂತರು.

ಊರಲ್ಲಿ ನನಗೆ ಮೊದಲು ಎದುರಾದದ್ದು ಗೋಡೆ ಅಲ್ಲ, ಜಾಗ. ಎಷ್ಟು ಪಟ್ಟಿ ಹಾಕಿದರೂ ಮೇಲಿಂದ ಬರುವ ಬೆಟ್ಟಕ್ಕೆ ಅದು ಉತ್ತರ ಅಲ್ಲ. ಜೆಸಿಬಿ ತಂದು ಬರೆ ಕಡಿದು, ಅದರ ಬುಡದಲ್ಲೇ ಮನೆ ಕೂರಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಬರೆ ಎಷ್ಟು ಎತ್ತರವೋ ಕಡೇಪಕ್ಷ ಅಷ್ಟು ದೂರ ಬಿಡೋಣ ಅಂದೆ. ಹಾಗೆ ಬಿಟ್ಟರೆ ಮನೆ ಬಂದು ಕೂರುವುದು ಕಾಫಿ ಕಣದ ನಡುವೆ.

"ಕಾಫಿ ಎಲ್ಲಿ ಹರವೋದು? ನಿನ್ನ ತಲೆ ಮೇಲಾ?" ಅಂದರು ದೊಡ್ಡಮ್ಮ.

"ಹಳೇ ಮನೆ ಇದ್ದಲ್ಲಿ ಕಣ ಮಾಡೋಣ ದೊಡ್ಡಮ್ಮ. ಬರೆ ಬಿದ್ರೆ ಕಾಫಿ ಹೋಗ್ಲಿ."

ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟರು. ನಾಲ್ಕನೇ ದಿನ ಅವರೇ ಹಗ್ಗ ಹಿಡಿದು ಅಳತೆಗೆ ನಿಂತರು.

ಅಂಗಳಕ್ಕೆ ಬಂದು ಬಿದ್ದಿದ್ದ ಮಣ್ಣಿಂದಲೇ ಇಟ್ಟಿಗೆ ಒತ್ತಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದ ಈ ಥರದ ಸುಡದ ಇಟ್ಟಿಗೆ ಮೇಲೆ ಕೆಲಸ ಮಾಡಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವುದು, ಸೌದೆ ಬೇಡ, ಗೂಡು ಬೇಡ. ನಾನು ಜಾಣತನ ಮಾಡಲು ಹೋಗಿ ಪರೀಕ್ಷೆ ಮಾಡದೆ ಶುರು ಮಾಡಿದೆ. ಮೊದಲ ಇನ್ನೂರು ಇಟ್ಟಿಗೆ ವಾರದೊಳಗೆ ಸೀಳುಬಿಟ್ಟವು. ಆಮೇಲೆ ಬುದ್ಧಿ ಬಂತು. ಹಾರ್ಲಿಕ್ಸ್ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ರಾತ್ರಿ ಇಟ್ಟೆ. ಮರಳು ಕೆಳಗೆ, ಜೇಡಿ ಮೇಲೆ ನಿಂತಿತು. ಜೇಡಿಯೇ ಜಾಸ್ತಿ! ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಸೇರಿಸಿ, ನೂರು ಪಾಲಿಗೆ ಎಂಟು ಪಾಲು ಸಿಮೆಂಟ್ ಹಾಕಿ ಮತ್ತೆ ಒತ್ತಿದೆವು. ಒದ್ದೆ ಗೋಣಿ ಹೊದಿಸಿ ಮೂರು ವಾರ ನೀರು ಕುಡಿಸಿದೆವು. ಇದೆಲ್ಲ ಏಪ್ರಿಲ್‌ನೊಳಗೆ ಮುಗಿಯಬೇಕು, ಮಳೆ ಹಿಡಿದರೆ ಮುಗೀತು ಕಥೆ.

ಮಾಡು ಹಳೇ ಹೆಂಚಿನದ್ದೇ. ಆದರೆ ನಾಲ್ಕೂ ಕಡೆ ಇಳಿಜಾರು ಮಾಡಿದೆ. ನೇಪಾಳದಲ್ಲಿ ಮೊದಲು ಬಿದ್ದದ್ದು ಮಾಡಿನ ಕೆಳಗಿನ ತ್ರಿಕೋನ ಗೋಡೆಗಳು. ಇಲ್ಲಿ ಆ ಗೋಡೆಯೇ ಇಲ್ಲ. ಬಾಗಿಲು, ಕಿಟಕಿ ಮಣ್ಣಿಂದ ತೆಗೆದು ತೊಳೆದದ್ದು. ಸೌದೆ ಒಲೆಗೆ ಬೇರೆ ಜಾಗ, ಕಾಫಿ ಮೂಟೆಗೆ ಒಂದು ಕೋಣೆ. ಇವೆರಡರಲ್ಲಿ ದೊಡ್ಡಮ್ಮನದ್ದೇ ನಕ್ಷೆ.

2022ರ ಜೂನ್ ಕೊನೆಯಲ್ಲಿ ನಮ್ಮ ಕೊಡಗಿನ ಚೆಂಬು, ಕರಿಕೆ ಕಡೆ ನೆಲ ನಡುಗಿತು. 28ರಂದು ಬೆಳಿಗ್ಗೆ ಆದದ್ದು 3.0 ತೀವ್ರತೆಯದ್ದು. ಅದೇನು ಮನೆ ಬೀಳಿಸುವಂಥದ್ದಲ್ಲ, ಅದರಿಂದ ನನ್ನ ಕೆಲಸ ಪಾಸಾಯಿತು ಅಂತ ಹೇಳಿಕೊಳ್ಳುವುದೂ ಸುಳ್ಳು. ಆದರೂ ದೊಡ್ಡಮ್ಮನಿಂದ ಫೋನ್ ಬಂತು. ಲೋಟ ಗಲಗಲ ಅಂತಂತೆ. "ಆ ರಿಂಗು ಸರಿ ಮಡಚಿದ್ದೀಯಲ್ಲ?" ಅಂತ ಕೇಳಿದರು.

ನನಗೆ ಈಗಲೂ ಇರುವ ಚಿಂತೆ ರಿಂಗಿನದ್ದಲ್ಲ, ಬರೆಯ ಬುಡದ ಚರಂಡಿಯದ್ದು. ಸಿಲ್ವರ್ ಓಕ್ ಎಲೆ ಉದುರಿ ತುಂಬಿಕೊಳ್ಳುತ್ತದೆ. ಬರೆ ತಡೆಯುವ ಕಲ್ಲುಕಟ್ಟಣೆಯಲ್ಲಿ ನೀರು ಬಸಿಯಲು ಬಿಟ್ಟ ಪೈಪುಗಳೂ ಕಟ್ಟಿಕೊಳ್ಳುತ್ತವೆ. ಮೇ ಕೊನೆಯ ಭಾನುವಾರ ಗುದ್ದಲಿ, ಒಂದು ಉದ್ದ ಕಂಬಿ ಹಿಡಿದು ಹೋಗುತ್ತೇನೆ. ಹೋದ ಸಲ ಒಂದು ಪೈಪಿಂದ ಕಪ್ಪೆ ಬಂತು.