ಮಂಗಳೂರಲ್ಲಿದ್ದುಕೊಂಡು ವಿಮಾನ ಹಾರಿಸಲು ಕಲಿಯುವುದು ಎಲ್ಲಿಂದ ಶುರು?

ವಿಮಾನ ಹಾರಿಸಬೇಕು ಅಂತ ಆಸೆ ಇರುವವರು ಸಾಮಾನ್ಯವಾಗಿ ಮೊದಲು ಫ್ಲೈಯಿಂಗ್ ಸ್ಕೂಲಿನ ಫೀಸು ವಿಚಾರಿಸುತ್ತಾರೆ. ಅದು ಆಮೇಲೆ. ಮೊದಲು ಡಾಕ್ಟರ ಹತ್ತಿರ ಹೋಗಿ. ಡಿಜಿಸಿಎ, ಅಂದರೆ ದೇಶದ ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆ, ಅದರ ಪಟ್ಟಿಯಲ್ಲಿರುವ ಡಾಕ್ಟರೇ ಆಗಬೇಕು. ಹವ್ಯಾಸಕ್ಕೆ ಹಾರಿಸುವುದಾದರೆ ಕ್ಲಾಸ್ 2 ಮೆಡಿಕಲ್ ಸಾಕು. ಕನ್ನಡಕ ಇದೆ ಅಂತ ಹೆದರಬೇಡಿ, ಅದನ್ನು ಹಾಕಿಕೊಂಡಾಗ ದೃಷ್ಟಿ ಸರಿ ಇದ್ದರಾಯ್ತು. ಬಣ್ಣ ಗುರುತಿಸುವ ಪರೀಕ್ಷೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದೆ ಇದೇ ಉದ್ಯೋಗ ಆಗಬೇಕು ಅಂತಿದ್ದರೆ ಕ್ಲಾಸ್ 1 ಕೂಡ ದುಡ್ಡು ಕಟ್ಟುವ ಮೊದಲೇ ಮಾಡಿಸಿಕೊಳ್ಳಿ, ಯಾಕೆಂದರೆ ಲಕ್ಷಗಟ್ಟಲೆ ಕಟ್ಟಿದ ಮೇಲೆ ಅನ್‌ಫಿಟ್ ಅಂದರೆ ಇಡೀ ಮನೆಗೇ ಕಷ್ಟ.

ಎಸ್ಸೆಸ್ಸೆಲ್ಸಿ ಪಾಸಾಗಿ 16 ತುಂಬಿದ್ದರೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಸಿಗುತ್ತದೆ. 17 ತುಂಬಿ, ಕನಿಷ್ಠ 40 ಗಂಟೆ ಹಾರಾಟ ಆಗಿದ್ದರೆ ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್. ಹಾರಾಟಕ್ಕೆ ನಮ್ಮವರು ಬೆಂಗಳೂರಿನ ಜಕ್ಕೂರು, ಕಲಬುರಗಿ, ಬೆಳಗಾವಿ ಕಡೆ ಹೋಗಬೇಕು. ಆದರೆ ಓದೆಲ್ಲ ಊರಲ್ಲೇ ಮುಗಿಸಬಹುದು, ನನ್ನ ಪ್ರಕಾರ ಮುಗಿಸಿಯೇ ಹೋಗಬೇಕು. ಅಲ್ಲಿ ರೂಮಿಗೆ ಬಾಡಿಗೆ ಕೊಟ್ಟುಕೊಂಡು ಪುಸ್ತಕ ತೆರೆಯುವುದು ಸುಮ್ನೆ ಖರ್ಚು.

ನಮ್ಮ ಮಳೆಗಾಲ ಇದಕ್ಕೇ ಇದೆ ಅಂದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನ್ಯಾವಿಗೇಶನ್, ಹವಾಮಾನ, ಏರ್ ರೆಗ್ಯುಲೇಶನ್ ಓದಿ. ದಿನಾ ಬಜಪೆಯ ಮೆಟಾರ್ ನೋಡಿ, ಅದು ನಮ್ಮ ಮಂಗಳೂರು ವಿಮಾನ ನಿಲ್ದಾಣದ ಹವಾಮಾನ ವರದಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ 26010 ಅಂತ ಇದ್ದರೆ ಗಾಳಿ 260 ಡಿಗ್ರಿಯಿಂದ, ಅಂದರೆ ಹೆಚ್ಚುಕಮ್ಮಿ ಪಡುವಣದಿಂದ, 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗದಲ್ಲಿ ಬೀಸುತ್ತಿದೆ ಅಂತ ಅರ್ಥ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಬಜಪೆಯ ದೊಡ್ಡ ರನ್‌ವೇಗೆ ಒಂದು ಕಡೆಯಿಂದ 06, ಇನ್ನೊಂದು ಕಡೆಯಿಂದ 24 ಅಂತ ಹೆಸರು. 24 ಅಂದರೆ ಸುಮಾರು 240 ಡಿಗ್ರಿ, ಸಮುದ್ರದ ಕಡೆ ಮುಖ. ಮಧ್ಯಾಹ್ನ ಕಡಲ ಗಾಳಿ ಏಳುವಾಗ ಯಾವ ತುದಿಯಿಂದ ಇಳಿಯಬೇಕು ಅಂತ ನೀವೇ ಲೆಕ್ಕ ಹಾಕಿ, ಆಮೇಲೆ ಆಕಾಶ ನೋಡಿ.

ಹಾರಾಟದಲ್ಲಿ ಮೊದಲು ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ. ನೇರ ಹಾರುವುದು, ಏರುವುದು, ಇಳಿಯುವುದು, ತಿರುಗುವುದು, ಆಮೇಲೆ ಸ್ಟಾಲ್. ಸ್ಟಾಲ್ ಅಂದರೆ ಎಂಜಿನ್ ನಿಂತಿತು ಅಂತ ಜಾಸ್ತಿ ಜನ ತಿಳಿದಿದ್ದಾರೆ, ಹಾಗಲ್ಲ. ಮೂಗು ಅತಿಯಾಗಿ ಮೇಲೆತ್ತಿದಾಗ ರೆಕ್ಕೆಯ ಮೇಲೆ ಗಾಳಿ ಸರಾಗವಾಗಿ ಹರಿಯದೆ ಎತ್ತುವ ಬಲ ಕುಸಿಯುತ್ತದೆ. ಆಗ ಹೆದರಿ ಕಂಟ್ರೋಲನ್ನು ಇನ್ನೂ ಹಿಂದಕ್ಕೆ ಎಳೆಯಬೇಕು ಅನ್ನಿಸುತ್ತದೆ, ಎಳೆಯಲೇಬಾರದು. ಮೂಗು ಕೆಳಗಿಳಿಸಿ, ಪವರ್ ಕೊಡಿ. ಇದು ಕೈಗೆ ಅಭ್ಯಾಸ ಆಗುವವರೆಗೆ ಮತ್ತೆ ಮತ್ತೆ ಮಾಡಿಸಿ ಅಂತ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಲು ಸಂಕೋಚ ಬೇಡ. ಬೇಗ ಸೋಲೋ, ಅಂದರೆ ಒಬ್ಬರೇ ಹಾರಲು, ಹೋದವರೇ ಜಾಣರು ಅಂತೇನೂ ಇಲ್ಲ.

ಪಿಪಿಎಲ್ ಬಂದರೆ ಸ್ನೇಹಿತರನ್ನು ಕೂರಿಸಿಕೊಂಡು ಹಾರಬಹುದು, ಅದಕ್ಕೆ ಸಂಬಳ ಬಾಡಿಗೆ ಅಂತ ತೆಗೆದುಕೊಳ್ಳುವಂತಿಲ್ಲ. ಹಲವರಿಗೆ ಇಷ್ಟೇ ಸಾಕು, ಅದು ಕಡಿಮೆ ಏನಲ್ಲ.

ಮುಂದಿನದು ಕಮರ್ಷಿಯಲ್, ಸಿಪಿಎಲ್. 18 ತುಂಬಿರಬೇಕು, ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ನೀವೇ ಕಮಾಂಡಿನಲ್ಲಿ, ಅಂದರೆ ವಿಮಾನದ ಹೊಣೆ ನಿಮ್ಮದೇ. ಪಿಪಿಎಲ್‌ನ ಗಂಟೆಗಳೂ ಇದಕ್ಕೆ ಸೇರುತ್ತವೆ, ಹಾಗಾಗಿ ಮೊದಲ ದಿನದಿಂದಲೇ ಲಾಗ್‌ಬುಕ್, ಅಂದರೆ ಹಾರಾಟದ ಲೆಕ್ಕದ ಪುಸ್ತಕ, ಸರಿಯಾಗಿ ಬರೆಯಿರಿ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಕೇಳುತ್ತಾರೆ. ಕಾಮರ್ಸ್ ಓದಿದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಆ ಎರಡನ್ನು ಬರೆಯುತ್ತಾರೆ. ಡಿಜಿಸಿಎ ಪೇಪರುಗಳಲ್ಲಿ ಪಾಸಾಗಲು 70 ಶೇಕಡಾ ಬೇಕು. ಫೀಸು ಹತ್ತಾರು ಲಕ್ಷ, ಒಂದೇ ಸಲ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತು ಕೇಳಿ. ಸೇರುವ ಮೊದಲು ಅಲ್ಲಿಗೇ ಹೋಗಿ, ಎಷ್ಟು ವಿಮಾನ ನಿಜವಾಗಿ ಹಾರುತ್ತಿವೆ, ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಎಷ್ಟು ಗಂಟೆ ಸಿಗುತ್ತಿದೆ ಅಂತ ಅಲ್ಲಿನ ಹುಡುಗರನ್ನೇ ಕೇಳಿ.

ಸಿಪಿಎಲ್ ಜೊತೆಗೆ ಇನ್‌ಸ್ಟ್ರುಮೆಂಟ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವುದು) ಮತ್ತು ಮಲ್ಟಿ ಎಂಜಿನ್ (ಒಂದಕ್ಕಿಂತ ಹೆಚ್ಚು ಎಂಜಿನ್‌ನ ವಿಮಾನ) ರೇಟಿಂಗ್ ಮಾಡಿಕೊಳ್ಳುತ್ತಾರೆ. ಏರ್‌ಲೈನಿಗೆ ಹೋಗುವವರಿಗೆ ಆಮೇಲೆ ಏರ್‌ಬಸ್ 320ಯಂಥ ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಹಾರಿಸಲು ಅರ್ಹತೆ, ಬೇಕು, ಅದರ ಖರ್ಚು ಬೇರೆ. ಕೊನೆಯದು ಎಟಿಪಿಎಲ್, ಅಂದರೆ ಏರ್‌ಲೈನ್ ಪೈಲಟ್ ಲೈಸೆನ್ಸ್, ಅದಕ್ಕೆ 21 ವರ್ಷ, 1500 ಗಂಟೆ. ಆ ಗಂಟೆಗಳನ್ನು ಕೂಡಿಸಲು ಇನ್‌ಸ್ಟ್ರಕ್ಟರ್ ಆಗುವುದು ಒಳ್ಳೆಯ ದಾರಿ. ಕಲಿಸುತ್ತಾ ಹಾರುತ್ತೀರಿ, ಸಂಬಳವೂ ಬರುತ್ತದೆ.